ನಿರ್ಭೀಕ್‌ನಿಂದ ಹತ್ತು ಮೀಟರಿನ ಗೆರೆಗೆ

2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಹೆಂಗಸರಿಗೆಂದೇ ಒಂದು ರಿವಾಲ್ವರ್ ಬಿಡುಗಡೆ ಮಾಡಿತು. ಹೆಸರು ನಿರ್ಭೀಕ್. .32 ಬೋರ್, ತೂಕ ಅರ್ಧ ಕಿಲೋ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನೊಳಗೆ ನಡೆದ ಕ್ರೌರ್ಯಕ್ಕೆ ಆಗ ವರ್ಷ ಕಳೆದಿತ್ತಷ್ಟೆ. ದೇಶದ ಹೆಣ್ಣುಮಕ್ಕಳ ಭಯಕ್ಕೆ ಸರ್ಕಾರಿ ಕಾರ್ಖಾನೆಯೊಂದು ಕಂಡುಕೊಂಡ ಉತ್ತರ ಕೈಚೀಲದಲ್ಲಿ ಹಿಡಿಸುವ ಆಯುಧ.

ದಶಕ ದಾಟಿದ ಮೇಲೆ ಆ ಉತ್ತರವನ್ನು ಬೆಂಗಳೂರಿನ ನಾಯಂಡಹಳ್ಳಿಯಲ್ಲಿ ನಿಂತು ತೂಗಿ ನೋಡಬೇಕು. ಮೈಸೂರು ರಸ್ತೆ ಹೊರವರ್ತುಲ ರಸ್ತೆಯನ್ನು ಸಂಧಿಸುವ ಈ ಜಾಗದಲ್ಲಿ ರಾತ್ರಿ ಎಂಟು ಒಂಬತ್ತಕ್ಕೆ ಇಳಿಯುವವರು ಯಾರು? ಗಾರ್ಮೆಂಟ್ಸ್‌ನಲ್ಲಿ ಓವರ್‌ಟೈಂ ಮುಗಿಸಿದವರು, ಆಸ್ಪತ್ರೆಯ ಪಾಳಿಯಿಂದ ಬರುವ ನರ್ಸ್‌ಗಳು, ಪಂತರಪಾಳ್ಯ–ನಾಯಂಡಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಬೇಗ ಬೇಗ ನಡೆಯುವ ಕಾಲೇಜು ಹುಡುಗಿಯರು. ಇವರಲ್ಲಿ ಎಷ್ಟೋ ಜನರಿಗೆ ಒಂದು ಲಕ್ಷ ಇಪ್ಪತ್ತು ಸಾವಿರವೆಂದರೆ ಹಲವು ತಿಂಗಳ ಸಂಬಳ. ಹಣ ಹೊಂದಿಸಿದರೂ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಬೇಕು, ಜೀವಕ್ಕೆ ಏನು ಅಪಾಯವಿದೆ ಎಂದು ಮನದಟ್ಟು ಮಾಡಬೇಕು, ಪೊಲೀಸ್ ವಿಚಾರಣೆ ಮುಗಿಯಬೇಕು, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಆಯುಧ ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರ ಇರಬೇಕು. ಇಷ್ಟಾಗಿ ಲೈಸೆನ್ಸ್ ಸಿಕ್ಕಿದರೂ ಚುನಾವಣೆ ಬಂದಾಗ ಆಯುಧವನ್ನು ಠಾಣೆಗೆ ಒಪ್ಪಿಸಿ ಬರಬೇಕಾಗುತ್ತದೆ. ಈ ಹೆಂಗಸರ ಓಡಾಟಕ್ಕೆ ನಿರ್ಭೀಕ್‌ಗಿಂತ ಹೆಚ್ಚು ಬಲ ಕೊಟ್ಟದ್ದು 2021ರ ಆಗಸ್ಟ್ ಕೊನೆಗೆ ಕೆಂಗೇರಿವರೆಗೆ ಬಂದ ಮೆಟ್ರೊ, 2023ರ ಜೂನ್‌ನಿಂದ ಸಿಕ್ಕ ಉಚಿತ ಬಸ್ ಪ್ರಯಾಣ. ಇದನ್ನು ಯಾವ ಹಿಂಜರಿಕೆಯೂ ಇಲ್ಲದೆ ಬರೆಯುತ್ತಿದ್ದೇನೆ.

ಹಾಗಾದರೆ ಹೆಣ್ಣಿನ ಕೈಯಲ್ಲಿ ಪಿಸ್ತೂಲು ಎಂಬ ಮಾತು ಅಲ್ಲಿಗೇ ಮುಗಿಯಿತೆ? ಇಲ್ಲ. ಕೈಚೀಲದ ರಿವಾಲ್ವರಿನ ಸುದ್ದಿ ತಣ್ಣಗಾದ ವರ್ಷಗಳಲ್ಲೇ ಬೇರೊಂದು ಕಡೆ, ಬೇರೊಂದು ಕಾರಣಕ್ಕೆ, ಹೆಣ್ಣುಮಕ್ಕಳು ಪಿಸ್ತೂಲು ಹಿಡಿದರು: ಶೂಟಿಂಗ್ ರೇಂಜಿನಲ್ಲಿ, ಪಂದ್ಯಕ್ಕಾಗಿ.

ಅಮೆರಿಕದಲ್ಲಿ ಆತ್ಮರಕ್ಷಣೆಯ ಪಿಸ್ತೂಲ್ ಪಂದ್ಯಗಳೆಂಬ ಒಂದು ಬಗೆಯಿದೆ. 1996ರಲ್ಲಿ ಐಡಿಪಿಎ ಎಂಬ ಸಂಸ್ಥೆ ಹುಟ್ಟಿದ ಮೇಲೆ ಅದಕ್ಕೆ ಒಂದು ಶಿಸ್ತು ಬಂತು. ದಿನನಿತ್ಯ ಸೊಂಟದಲ್ಲಿ ಇಟ್ಟುಕೊಳ್ಳುವ ಪಿಸ್ತೂಲನ್ನು ಅಂಗಿಯ ಮರೆಯಿಂದ ತೆಗೆದು, ಗೋಡೆಯ ಅಥವಾ ಪೀಪಾಯಿಯ ಆಸರೆಯಲ್ಲಿ ನಿಂತು, ದಾಳಿಕೋರರಂತೆ ನಿಲ್ಲಿಸಿದ ರಟ್ಟಿನ ಗುರಿಗಳಿಗೆ ಹೊಡೆಯಬೇಕು. ಹಿಡಿದ ಸಮಯಕ್ಕೆ ತಪ್ಪಿದ ಅಂಕಗಳ ದಂಡ ಸೇರುತ್ತದೆ. ಊರೂರಿನ ಕ್ಲಬ್ಬುಗಳಲ್ಲಿ ವಾರಾಂತ್ಯಕ್ಕೆ ನಡೆಯುವ ಈ ಪಂದ್ಯಗಳಲ್ಲಿ ಹೆಂಗಸರು ಗಂಡಸರ ಜೊತೆ ಒಂದೇ ತಂಡದಲ್ಲಿ ಸರದಿ ಕಾಯುತ್ತಾರೆ. ಅವರಲ್ಲಿ ಮುಂದಿರುವ ಮಹಿಳೆಗೆ ಪ್ರತ್ಯೇಕ ಗೌರವವೂ ಉಂಟು. ನಮ್ಮಲ್ಲಿ ಇದು ಬೇರುಬಿಡಲಿಲ್ಲ. ಆ ಪಂದ್ಯಗಳಲ್ಲಿ ತೀರಾ ಸಾಮಾನ್ಯವಾದ 9 ಎಂಎಂ ಪಿಸ್ತೂಲು ನಮ್ಮ ಕಾನೂನಿನಲ್ಲಿ ನಿಷೇಧಿತ ಬೋರ್. ಮನುಷ್ಯಾಕಾರದ ಗುರಿಗೆ ಹೊಡೆಯುವ ಆಟ ನಾಯಂಡಹಳ್ಳಿಗೆ ಬರಲಿಲ್ಲವೆಂದು ನನಗೆ ಬೇಸರವಿಲ್ಲ. ಆದರೆ ಆ ಕ್ಲಬ್ಬುಗಳ ಒಂದು ಗುಣ ನಮಗೆ ಬೇಕು: ಪಂದ್ಯ ಮನೆಯ ಹತ್ತಿರ ನಡೆಯುತ್ತದೆ, ಪದಕದ ಆಸೆಯಿಲ್ಲದ ನಲವತ್ತು ದಾಟಿದ ಹೆಂಗಸೂ ಹೆಸರು ಬರೆಸಬಹುದು.

ಇಲ್ಲಿ ಬೆಳೆದದ್ದು ಏರ್ ಪಿಸ್ತೂಲ್. ಕಾರಣ ಕಾನೂನಿನಲ್ಲೇ ಇದೆ. 4.5 ಎಂಎಂ ಪೆಲೆಟ್ ಹಾರಿಸುವ, 20 ಜೌಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಹತ್ತು ಮೀಟರಿನ ಆಚೆ ಕಾಗದದ ಗುರಿ, ಅದರ ನಡುವಿನ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಒಂದೇ ಕೈ ಚಾಚಿ ನಿಲ್ಲಬೇಕು, ಇನ್ನೊಂದು ಕೈಯ ಆಸರೆ ಕೂಡದು. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು ಎಂಬುದು ನಿಯಮ. ಕಣ್ಣು ಗುರಿಯ ಮೇಲಲ್ಲ, ಪಿಸ್ತೂಲಿನ ಮುಂದಿನ ಸೈಟಿನ ಮೇಲೆ ನೆಟ್ಟಿರಬೇಕು. ಮನೆಯಲ್ಲಿ ಬಿಳಿ ಗೋಡೆಗೆ ಮುಖಮಾಡಿ ಪೆಲೆಟ್ ಇಲ್ಲದೆ ಗಂಟೆಗಟ್ಟಲೆ ಡ್ರೈ ಪ್ರಾಕ್ಟೀಸ್ ಮಾಡುವವರೇ ಮುಂದೆ ಬರುತ್ತಾರೆ. ಇದರಲ್ಲಿ ಶತ್ರುವಿಲ್ಲ, ಓಟವಿಲ್ಲ, ತೋಳ್ಬಲದ ಮೇಲಾಟವಿಲ್ಲ. ಉಸಿರನ್ನು ಅರ್ಧಕ್ಕೆ ತಡೆದು, ಮನಸ್ಸು ಒಪ್ಪದಿದ್ದರೆ ಹೊಡೆಯದೆ ಕೈ ಇಳಿಸುವ ವಿವೇಕ ಬೇಕು. ಹಾಗೆ ಕೈ ಇಳಿಸುವುದೇ ಕಲಿಕೆಯ ಅತಿ ಕಷ್ಟದ ಭಾಗ.

ಹೆಣ್ಣುಮಕ್ಕಳಿಗೆ ಇಷ್ಟು ಜಾಗ ಸಿಕ್ಕಿದ್ದೂ ತಡವಾಗಿಯೇ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆಂದು ಪಿಸ್ತೂಲ್ ಸ್ಪರ್ಧೆ ಸೇರಿದ್ದು 1984ರ ಲಾಸ್ ಏಂಜಲೀಸ್‌ನಲ್ಲಿ, ಏರ್ ಪಿಸ್ತೂಲ್ 1988ರ ಸೋಲ್‌ನಲ್ಲಿ. ಆಮೇಲೂ ದಶಕಗಳ ಕಾಲ ಅರ್ಹತಾ ಸುತ್ತಿನಲ್ಲಿ ಗಂಡಸರಿಗೆ 60 ಹೊಡೆತ, ಹೆಂಗಸರಿಗೆ 40. ಉಳಿದ ಇಪ್ಪತ್ತಕ್ಕೆ ಹೆಣ್ಣಿನ ತೋಳು ತಾಳದು ಎಂದು ಯಾರು ಅಳೆದರೋ. 2018ರಲ್ಲಿ ಆ ತಾರತಮ್ಯ ಹೋಯಿತು. ಈಗ ಇಬ್ಬರಿಗೂ 75 ನಿಮಿಷದಲ್ಲಿ 60 ಹೊಡೆತ. ಅದೇ ವರ್ಷ ಜಕಾರ್ತ–ಪಾಲೆಂಬಾಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕೊಲ್ಹಾಪುರದ ರಾಹಿ ಸರ್ನೋಬತ್ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ಏಷ್ಯನ್ ಕ್ರೀಡಾಕೂಟದ ಶೂಟಿಂಗ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ತಂದ ಎರಡು ಕಂಚು ಎಲ್ಲರಿಗೂ ಗೊತ್ತು.

ನಮ್ಮ ಊರಿನ ಲೆಕ್ಕದಲ್ಲಿ ದೊಡ್ಡ ವರ್ಷ 2023. ಬೆಂಗಳೂರಿನ ದಿವ್ಯಾ ಟಿ.ಎಸ್. ಆ ಮೇ ತಿಂಗಳಲ್ಲಿ ಬಾಕು ವಿಶ್ವಕಪ್‌ನ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ಸ್ಪರ್ಧೆಯಲ್ಲಿ ಸರಬ್ಜೋತ್ ಸಿಂಗ್ ಜೊತೆ ಚಿನ್ನ ಗೆದ್ದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇಶಾ ಸಿಂಗ್, ಪಲಕ್ ಜೊತೆ ತಂಡದ ಬೆಳ್ಳಿ, ಮರುದಿನ ಸರಬ್ಜೋತ್ ಜೊತೆ ಮತ್ತೊಂದು ಬೆಳ್ಳಿ. ಇಷ್ಟಾದರೂ ಬಸ್ ಸ್ಟಾಪಿನಲ್ಲಿ ನಿಂತ ಹುಡುಗಿಯರನ್ನು ಕೇಳಿದರೆ ಕ್ರಿಕೆಟ್ಟಿನ ಹತ್ತು ಹೆಸರು ಹೇಳಿಯಾರು, ದಿವ್ಯಾ ಹೆಸರು ಹೇಳುವವರು ಕಡಿಮೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರೈಫಲ್ ಫೈನಲ್ ತಲುಪಿದವರು, ಪ್ಯಾರಾ ಶೂಟರ್ ಅವನಿ ಲೇಖರಾಗೆ ಗುರುವಾದವರು. ಅವರನ್ನೂ ನಾವು ನಮ್ಮವರೆಂದು ಎತ್ತಿ ಆಡಿದ್ದು ಕಡಿಮೆಯೇ. ಈ ಮರೆವಿನಲ್ಲಿ ಪತ್ರಿಕೆಗಳ ಪಾಲೂ ಇದೆ.

ನಾಯಂಡಹಳ್ಳಿಗೆ ಹತ್ತಿರದ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಮಡಿಕೇರಿ ಬಸ್ಸುಗಳು ಹೊರಡುತ್ತವೆ. ಆ ರಸ್ತೆಯ ಕೊನೆಯಲ್ಲಿರುವ ಕೊಡಗಿನ ಲೆಕ್ಕವೇ ಬೇರೆ. ಬ್ರಿಟಿಷರ ಕಾಲದಿಂದ ಬಂದ ಬಂದೂಕಿನ ವಿನಾಯಿತಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಮುಹೂರ್ತ ಹಬ್ಬದಲ್ಲಿ ಬಂದೂಕಿಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಆ ನಾಡಿನ ಹಳೆಯ ರೂಢಿಯಲ್ಲಿ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದರು. ಹೆಣ್ಣು ಹುಟ್ಟಿದ್ದಕ್ಕೆ ಬಂದೂಕು ಮಾತಾಡುತ್ತಿರಲಿಲ್ಲ. ಇಂದು ಅದೇ ತೆಂಗಿನಕಾಯಿ ಸ್ಪರ್ಧೆಗಳಲ್ಲಿ ಮಹಿಳೆಯರು ಕೊಡವ ಸೀರೆಯುಟ್ಟು ಕೋವಿ ಭುಜಕ್ಕೇರಿಸುತ್ತಾರೆ. ಕೋವಿಯ ಹಬ್ಬವಾದ ತೋಕ್ ನಮ್ಮೆಯಲ್ಲಿ ಅವರೂ ಕೋವಿ ಹಿಡಿದು ನಿಲ್ಲುತ್ತಾರೆ. ಅಜ್ಜಿ, ಸೊಸೆ, ಮೊಮ್ಮಗಳು ಒಂದೇ ಸಾಲಿನಲ್ಲಿ ಸರದಿಗೆ ನಿಲ್ಲುವ ಊರಿನ ಪಂದ್ಯವೆಂದರೆ ಕರ್ನಾಟಕದಲ್ಲಿ ನನಗೆ ಮೊದಲು ನೆನಪಾಗುವುದು ಇದೇ. ಪಿಸ್ತೂಲಿಗೆ ಅಂಥ ಊರಿನ ಪಂದ್ಯ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಇನ್ನೂ ಆಗಬೇಕಿದೆ.

ಹಾಗೆಂದು ಗುರಿ ಹೊಡೆಯಲು ಕಲಿತ ಹುಡುಗಿ ರಸ್ತೆಯಲ್ಲಿ ಸುರಕ್ಷಿತಳಾದಳು ಎನ್ನುವುದು ಸುಳ್ಳು ಭರವಸೆ. ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 38ನೇ ಕಲಂ ಪ್ರಕಾರ ಅತ್ಯಾಚಾರದ ಉದ್ದೇಶದ ದಾಳಿಯಲ್ಲಿ ಆ ಹಕ್ಕು ಪ್ರಾಣಹಾನಿಯವರೆಗೂ ಚಾಚುತ್ತದೆ. ಆದರೆ ಬೀದಿದೀಪವಿಲ್ಲದ ಅಂಡರ್‌ಪಾಸ್‌ಗೆ ಪಾಲಿಕೆಯೇ ಉತ್ತರ ಹೇಳಬೇಕು, ಹೆಂಗಸಿನ ಕೈಚೀಲವಲ್ಲ. ರೇಂಜ್ ಆಕೆಗೆ ಕೊಡುವುದು ಬೇರೆಯದು. ಯಾರೂ ಅವಸರ ಮಾಡದ ಒಂದು ಲೇನ್, ಯಾರ ಊಟ ತಿಂಡಿಗೂ ಎದ್ದು ಓಡಬೇಕಿಲ್ಲದ ಒಂದು ತಾಸು, ತನ್ನ ತೀರ್ಮಾನಕ್ಕೆ ತಾನೇ ಹೊಣೆ ಎಂಬ ಅಭ್ಯಾಸ. ನಮ್ಮ ಮನೆಗಳಲ್ಲಿ ಹೆಣ್ಣಿಗೆ ಇದು ಎಷ್ಟು ಅಪರೂಪ ಎಂಬುದನ್ನು ಬಲ್ಲವರು ಇದನ್ನು ಸಣ್ಣದೆನ್ನಲಾರರು.

ಅಡ್ಡಿ ಇರುವುದು ದುಡ್ಡಿನಲ್ಲಿ ಮತ್ತು ಜಾಗದಲ್ಲಿ. ಪಂದ್ಯಕ್ಕೆ ಒಗ್ಗುವ ವಿದೇಶಿ ಏರ್ ಪಿಸ್ತೂಲಿನ ಬೆಲೆಯೂ ಲಕ್ಷ ದಾಟುತ್ತದೆ. ಅಂದರೆ ನಿರ್ಭೀಕ್ ಕೊಳ್ಳಲಾಗದವಳಿಗೆ ಇದೂ ಎಟುಕದು. ಆದರೆ ಏರ್ ಪಿಸ್ತೂಲನ್ನು ಹತ್ತಾರು ಜನ ಹಂಚಿಕೊಳ್ಳಬಹುದು. ಉದ್ದನೆಯ ಕೋಣೆ, ಹಿಂದೆ ಗಟ್ಟಿ ತಡೆ, ಬೆಳಕು, ಕಟ್ಟುನಿಟ್ಟಿನ ಒಬ್ಬ ಕೋಚ್ ಇದ್ದರೆ ಪಾಲಿಕೆಯ ಸಮುದಾಯ ಭವನದಲ್ಲೂ ರೇಂಜ್ ನಡೆಸಬಹುದು. ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೇ ಇರುವ ಭಾಗವಿದು. ಇಲ್ಲಿನ ಸರ್ಕಾರಿ ಶಾಲೆ ಕಾಲೇಜುಗಳ ಹುಡುಗಿಯರಿಗೆ ಒಂದು ಲೇನ್ ಕೊಡಿಸುವುದು ಅಸಾಧ್ಯವೇನಲ್ಲ.

ಇನ್ನೊಂದು ದಾರಿ ಈಗಾಗಲೇ ತೆರೆದಿದೆ. ರಾಜ್ಯದ ಹಲವು ಕಡೆ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ, ಹೆಂಗಸರೂ ಸೇರಬಹುದು, ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಅದರ ಪ್ರಕಟಣೆ ಪತ್ರಿಕೆಯ ಒಳಪುಟದ ನಾಲ್ಕು ಸಾಲಿಗೆ ನಿಲ್ಲಬಾರದು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಗೇಟುಗಳಲ್ಲಿ, ಮೆಟ್ರೊ ನಿಲ್ದಾಣದಲ್ಲಿ, ಹೆಣ್ಣುಮಕ್ಕಳ ಹಾಸ್ಟೆಲಿನ ಫಲಕದಲ್ಲಿ ಅದನ್ನು ಕನ್ನಡದಲ್ಲಿ ಅಂಟಿಸಬೇಕು. ತರಗತಿ ಭಾನುವಾರ ಇರಬೇಕು, ಕಲಿಸಲು ಮಹಿಳಾ ಸಿಬ್ಬಂದಿ ಇರಬೇಕು, ಪ್ರತಿ ತಂಡದಲ್ಲಿ ಎಷ್ಟು ಮಂದಿ ಹೆಂಗಸರು ಸೇರಿದರು ಎಂಬ ಅಂಕಿಯನ್ನು ಇಲಾಖೆ ವರ್ಷಕ್ಕೊಮ್ಮೆ ಪ್ರಕಟಿಸಬೇಕು.