ಏರಿಸಿದ ಕರಾರನ್ನು ತಿದ್ದಲಾಗದು

ಸ್ಮಾರ್ಟ್ ಕಾಂಟ್ರಾಕ್ಟ್ ಒಂದನ್ನು ಬರೆದು, ಅದಕ್ಕೊಂದು ವೆಬ್ ಪುಟವನ್ನು ಜೋಡಿಸಿ, ಬ್ಲಾಕ್‌ಚೈನ್ ಜಾಲಕ್ಕೆ ಏರಿಸುವುದು ಇಂದು ಕಾಲೇಜು ವಿದ್ಯಾರ್ಥಿಗೂ ಎಟುಕತಕ್ಕ ಕೆಲಸವಾಗಿದೆ. ಸಲಕರಣೆಗಳೆಲ್ಲ ಉಚಿತ; ಒಂದು ಮಧ್ಯಾಹ್ನದೊಳಗೆ ಮುಗಿದೀತು. ಈ ಸುಲಭತೆಯೇ ನಮಗೆ ಕಳವಳವನ್ನುಂಟುಮಾಡುತ್ತದೆ.

ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೆ ತನ್ನ ಷರತ್ತುಗಳನ್ನು ತಾನೇ ನಡೆಸಿಕೊಡುವ ಕರಾರು. 1990ರ ದಶಕದಲ್ಲಿ ಈ ಹೆಸರನ್ನಿಟ್ಟ ನಿಕ್ ಸ್ಯಾಬೊ, ನಾಣ್ಯ ಹಾಕಿದರೆ ಸಾಮಾನನ್ನು ಕೊಡುವ ಯಂತ್ರವನ್ನು ಅದರ ಪೂರ್ವಜವೆಂದು ಕರೆದರು. 2015ರ ಜುಲೈಯಲ್ಲಿ ಎಥೀರಿಯಂ ಜಾಲವು ಪ್ರಾರಂಭವಾದಮೇಲೆ ಆ ಕಲ್ಪನೆ ಬಳಕೆಗೆ ಬಂದಿತು. ಸಾಲಿಡಿಟಿ ಎಂಬ ಭಾಷೆಯಲ್ಲಿ ಬರೆದ ಕರಾರನ್ನು ಯಂತ್ರಸಂಕೇತಕ್ಕೆ ತಿರುಗಿಸಿ, ಗುಪ್ತ ಕೀಲಿಯಿಂದ ಸಹಿಮಾಡಿ, 'ಗ್ಯಾಸ್' ಎಂಬ ಶುಲ್ಕವನ್ನು ತೆತ್ತು ಜಾಲಕ್ಕೆ ಕಳುಹಿಸುತ್ತೇವೆ. ಅದಕ್ಕೊಂದು ವಿಳಾಸ ದೊರೆಯುತ್ತದೆ. ಅಲ್ಲಿಂದ ಮುಂದೆ ಸಾವಿರಾರು ಗಣಕಯಂತ್ರಗಳು ಅದರ ಪ್ರತಿಯನ್ನಿಟ್ಟುಕೊಂಡಿರುತ್ತವೆ. ಬರೆದಾತನೂ ಅದರ ಒಂದಕ್ಷರವನ್ನು ತಿದ್ದಲಾರ.

ಇದೇ ಅದರ ಹಿರಿಮೆಯೆಂದು ಹೊಗಳುವುದುಂಟು. ಹಿರಿಮೆಯೇನೋ ಅಹುದು. ಆದರೆ ತಪ್ಪು ಕೂಡ ಅಷ್ಟೇ ಭದ್ರವಾಗಿ ಉಳಿಯುತ್ತದೆಂದು ಹೇಳುವವರು ಕಡಮೆ.

2016ರಲ್ಲಿ 'ದಿ ಡಾವೊ' ಎಂಬ ಹೂಡಿಕೆಯ ಕರಾರಿನಲ್ಲಿ ಜನರು ಒಂದು ಕೋಟಿಗೂ ಮಿಕ್ಕ ಈಥರ್ ನಾಣ್ಯಗಳನ್ನು ತೊಡಗಿಸಿದ್ದರು. ಅಂದಿನ ಬೆಲೆಯಲ್ಲಿ ಅದು ಸುಮಾರು 15 ಕೋಟಿ ಡಾಲರು. ಹಣವನ್ನು ಹಿಂದಿರುಗಿಸುವ ಭಾಗದಲ್ಲಿ ಒಂದು ದೋಷವಿತ್ತು: ಮೊದಲು ಕೊಡುವುದು, ಆಮೇಲೆ ಲೆಕ್ಕದಲ್ಲಿ ಕಳೆಯುವುದು. ಬ್ಯಾಂಕಿನ ಗುಮಾಸ್ತನು ಹಣ ಎಣಿಸಿಕೊಟ್ಟು ಖಾತೆಯ ಪುಸ್ತಕವನ್ನು ತೆರೆಯುವಷ್ಟರಲ್ಲಿ ಅದೇ ಗಿರಾಕಿ ಮತ್ತೊಂದು ಚೀಟಿಯನ್ನು ಚಾಚಿದನೆನ್ನೋಣ. ಪುಸ್ತಕದಲ್ಲಿರುವುದು ಹಳೆಯ ಮೊತ್ತವೇ. ಗುಮಾಸ್ತನು ಮತ್ತೆ ಕೊಡುತ್ತಾನೆ. ಮನುಷ್ಯನಾದರೆ ಮೂರನೆಯ ಸಲಕ್ಕಾದರೂ ತಲೆಯೆತ್ತಿ ಮುಖ ನೋಡಿಯಾನು. ಕರಾರಿಗೆ ಮುಖ ಕಾಣದು. ಜೂನ್ 17ರಂದು ಹೀಗೆ ಸುಮಾರು 36 ಲಕ್ಷ ಈಥರ್ ಸೋರಿಹೋಯಿತು. ಜುಲೈ 20ರಂದು ಜಾಲದ ಬಹುಪಾಲು ಜನರು ತಮ್ಮ ನಿಯಮವನ್ನು ತಾವೇ ಸಡಿಲಿಸಿ ಆ ಹಣವನ್ನು ಹೂಡಿಕೆದಾರರಿಗೆ ಸಿಗುವಂತೆ ಮಾಡಿದರು. ಒಪ್ಪದವರು ಹಳೆಯ ಸರಪಳಿಯಲ್ಲೇ ಉಳಿದರು; ಅದಕ್ಕೆ ಎಥೀರಿಯಂ ಕ್ಲಾಸಿಕ್ ಎಂದು ಹೆಸರಾಯಿತು. 2017ರ ನವೆಂಬರಿನಲ್ಲಿ ಪ್ಯಾರಿಟಿ ಎಂಬ ವಾಲೆಟ್ಟಿನ ಕರಾರುಗಳಲ್ಲಿ 5 ಲಕ್ಷಕ್ಕೂ ಮಿಕ್ಕ ಈಥರ್ ಸಿಕ್ಕಿಬಿದ್ದಾಗ ಅಂಥ ಉಪಕಾರವೂ ಆಗಲಿಲ್ಲ.

ಬೇಕೆಂದಾಗ ಬದಲಿಸಬಲ್ಲ ಕರಾರನ್ನೂ ರಚಿಸಬಹುದು, ನಿಜ. ಮುಂದೊಂದು ಕರಾರನ್ನು ನಿಲ್ಲಿಸಿ, ಅದು ಆಶ್ರಯಿಸುವ ಹಿಂದಿನದನ್ನು ಬದಲಾಯಿಸಿದರಾಯಿತು. ಆಗ ಆ ಅಧಿಕಾರದ ಕೀಲಿಯುಳ್ಳವರನ್ನು ನಂಬಬೇಕಾಗುತ್ತದೆ. ಯಾರನ್ನೂ ನಂಬಬೇಕಾಗಿಲ್ಲವೆಂಬ ಹೆಗ್ಗಳಿಕೆ ಅಲ್ಲಿಗೆ ಮುಗಿಯಿತು!

ಇನ್ನು ವೆಬ್ ಪುಟ. ಕರಾರು ಬ್ಲಾಕ್‌ಚೈನಿನಲ್ಲಿದ್ದರೂ ಅದಕ್ಕೆ ಬಾಗಿಲಾಗಿರುವ ಪುಟವು ಸಾಮಾನ್ಯವಾಗಿ ಎಲ್ಲ ಪುಟಗಳಂತೆ ಯಾವುದೋ ಒಂದು ಸರ್ವರಿನಲ್ಲಿರುತ್ತದೆ. 2021ರ ಡಿಸೆಂಬರಿನಲ್ಲಿ ಬ್ಯಾಡ್ಜರ್‌ಡಾವೊ ಎಂಬಲ್ಲಿ ಕೆಟ್ಟದ್ದು ಕರಾರಲ್ಲ, ಬಾಗಿಲು. ಪುಟದೊಳಗೆ ತೂರಿಸಿದ ಕಳ್ಳ ಸಂಕೇತವು ಬಳಕೆದಾರರಿಂದಲೇ ಒಪ್ಪಿಗೆಗೆ ಸಹಿ ಹಾಕಿಸಿಕೊಂಡು ಸುಮಾರು 12 ಕೋಟಿ ಡಾಲರುಗಳನ್ನು ಒಯ್ದಿತು.

ಆದುದರಿಂದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಅಂಕ ಕೊಡುವಾಗ ಜಾಲದ ವಿಳಾಸವನ್ನು ಕೇಳುವುದು ಸಾಲದೆಂದು ನಮ್ಮ ಅಭಿಪ್ರಾಯ. ಹಾರ್ಡ್‌ಹ್ಯಾಟ್, ಫೌಂಡ್ರಿ ಮೊದಲಾದ ಸಾಧನಗಳಿಂದ ತನ್ನ ಮೇಜಿನ ಮೇಲಿನ ಗಣಕಯಂತ್ರದಲ್ಲೇ ಒಂದು ಪುಟ್ಟ ಜಾಲವನ್ನು ಹೂಡಬಹುದು. ಅಲ್ಲಿಯ ನಾಣ್ಯಕ್ಕೆ ಬೆಲೆಯಿಲ್ಲ, ಹೋದರೆ ಯಾರಿಗೂ ನಷ್ಟವಿಲ್ಲ. ಒಬ್ಬರು ಬರೆದ ಕರಾರನ್ನು ಇನ್ನೊಬ್ಬರು ಒಂದು ವಾರ ಕಾಲ ದೋಚಲೆತ್ನಿಸಲಿ. ಮೊದಲಿನವರು ಮುಚ್ಚಿದ ದಾರಿಗಳಿಗೂ ಎರಡನೆಯವರು ಕಂಡುಹಿಡಿದ ದಾರಿಗಳಿಗೂ ಅಂಕ ಸಲ್ಲಲಿ. ನಿಜವಾದ ಜಾಲಕ್ಕೆ ಏರಿಸುವುದು ಆ ವರ್ಷ ಆಗದೆಹೋದರೂ ಚಿಂತೆಯಿಲ್ಲ.