ನಾಲ್ಕು ಗಾಲಿಯ ಎಳೆತ: ಮಾರ್ಪಾಟಿಗೆ ಮುನ್ನ ಅಳತೆ

ನಾಟಿಯ ಕಾಲದಲ್ಲಿ ಸಿರುಗುಪ್ಪ ತಾಲೂಕಿನ ದೇಶನೂರಿನ ಸುತ್ತಿನ ಗದ್ದೆಗಳನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಎರೆಮಣ್ಣಿನ ಕೆಸರಿನಲ್ಲಿ ಸಣ್ಣ ಟ್ರ್ಯಾಕ್ಟರೊಂದು ಹೂತು ನಿಂತಿರುತ್ತದೆ. ಎಂಜಿನ್ನು ಆರ್ಭಟಿಸುತ್ತದೆ, ಹಿಂದಿನ ಗಾಲಿಗಳು ಗರಗರನೆ ತಿರುಗುತ್ತವೆ. ಯಂತ್ರ ಮಾತ್ರ ಗೇಣುದ್ದವೂ ಮುಂದೆ ಸರಿಯದು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿಯತೊಡಗಿದ ಮೇಲೆ ಈ ಸೀಮೆಯಲ್ಲಿ ಭತ್ತ ಹಬ್ಬಿತು. ಭತ್ತದೊಡನೆ ಕೆಸರೂ ಬಂದಿತು.

ಮುಂದಿನ ಗಾಲಿಗಳಿಗೂ ಎಳೆತ ಕೊಡಿಸಿದರೆ ಈ ಸಂಕಟ ತೀರೀತೆಂಬ ಆಲೋಚನೆ ರೈತನಿಗೆ ಹೊಳೆಯುವುದು ಸಹಜ. ಅದರಲ್ಲಿ ಹುರುಳೂ ಉಂಟು. ಗಾಲಿಯ ಎಳೆತಕ್ಕೆ ಮೇಲೆರೆಯನ್ನು ಕಟ್ಟುವುದು ಎಂಜಿನ್ನೊಂದೇ ಅಲ್ಲ. ಎಳೆಯುವ ಗಾಲಿಯ ಮೇಲಿನ ಭಾರವೂ ಮಣ್ಣಿನ ಹಿಡಿತವೂ ಹೌದು. 1,000 ಕಿಲೋಗ್ರಾಂ ತೂಗುವ ಟ್ರ್ಯಾಕ್ಟರಿನಲ್ಲಿ 600 ಕಿಲೋಗ್ರಾಂ ಹಿಂದಿನ ಗಾಲಿಗಳ ಮೇಲೆ, 400 ಮುಂದಿನವುಗಳ ಮೇಲೆ ಇದೆಯೆಂದು ಭಾವಿಸೋಣ. ಎರಡು ಗಾಲಿಯ ಎಳೆತದಲ್ಲಿ ಆ 400 ಕಿಲೋಗ್ರಾಂ ಎಳೆಯಲು ಒದಗುವುದಿಲ್ಲ; ಮುಂದಿನ ಗಾಲಿಗಳು ಕೆಸರನ್ನು ತಳ್ಳುತ್ತ ಹೊರೆಯೇ ಆಗುತ್ತವೆ. ನಾಲ್ಕೂ ಗಾಲಿ ಎಳೆದರೆ ಇಡೀ ಭಾರ ಕೆಲಸಕ್ಕೆ ಬರುತ್ತದೆ. ಆದರೆ ಎಂಜಿನ್ನಿನ ಸಾಮರ್ಥ್ಯ ಇದರಿಂದ ಎಳ್ಳಷ್ಟೂ ಹೆಚ್ಚುವುದಿಲ್ಲವೆಂಬುದನ್ನು ಮರೆಯಲಾಗದು.

ತೊಡಕು ಇರುವುದು ಜೋಡಣೆಯಲ್ಲಿ. ಮುಂದಿನ ಗಾಲಿ ಚಿಕ್ಕದು. ಅದರ ಸುತ್ತಳತೆ 2 ಮೀಟರು, ಹಿಂದಿನದು 3 ಮೀಟರು ಎಂದಾದರೆ, ಹಿಂದಿನ ಗಾಲಿ ಎರಡು ಸುತ್ತು ಸುತ್ತುವಷ್ಟರಲ್ಲಿ ಮುಂದಿನದು ಮೂರು ಸುತ್ತಬೇಕು. ಕಾರ್ಖಾನೆಯ ತಜ್ಞರು ಮುಂದಿನ ಗಾಲಿಗೆ ಅತ್ಯಲ್ಪ ಮುನ್ನಡೆಯನ್ನಷ್ಟೇ ಬಿಟ್ಟು ಹಲ್ಲುಗಾಲಿಗಳ ಪ್ರಮಾಣವನ್ನು ನಿಶ್ಚಯಿಸುತ್ತಾರೆ. ಬೇರೊಂದು ವಾಹನದ ಹಳೆಯ ಅಚ್ಚನ್ನು ತಂದು ಕೂಡಿಸಿದಾಗ ಈ ಪ್ರಮಾಣ ಶೇಕಡಾ 10ರಷ್ಟು ತಪ್ಪಿತೆನ್ನಿ: ಪ್ರತಿ 100 ಮೀಟರಿಗೆ ಮುಂದಿನ ಗಾಲಿಗಳು ಹಿಂದಿನವಕ್ಕಿಂತ 10 ಮೀಟರು ಹೆಚ್ಚೋ ಕಡಮೆಯೋ ಓಡಬಯಸುತ್ತವೆ. ಕೆಸರಿನಲ್ಲಿ ಗಾಲಿ ಜಾರಿ ಈ ಜಗಳ ತೀರುತ್ತದೆ. ಡಾಂಬರು ರಸ್ತೆಯಲ್ಲಿ ತೀರದೆ ಅಚ್ಚೂ ಹಲ್ಲುಗಳೂ ತಿರುಚಿಕೊಳ್ಳುತ್ತವೆ. ಮೇಲಾಗಿ, ನೋಂದಣಿಯ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು ನಿರ್ಬಂಧಿಸಿದೆ.

ಆದುದರಿಂದ ಸಾಲ ತಂದು ಅಚ್ಚು ಬದಲಿಸುವ ಮುನ್ನ ಜಾರುವಿಕೆಯನ್ನು ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಸೀಮೆಸುಣ್ಣವೂ ಅಳತೆಪಟ್ಟಿಯೂ ಸಾಕು. ಹಿಂದಿನ ಟಯರಿಗೊಂದು ಗುರುತು ಹಾಕಿ, ಗಟ್ಟಿ ನೆಲದ ಮೇಲೆ ಹೊರೆಯಿಲ್ಲದೆ ಗಾಲಿ ಹತ್ತು ಸುತ್ತು ಸುತ್ತುವಾಗ ಕ್ರಮಿಸುವ ದೂರವನ್ನು ಅಳೆಯಿರಿ. ಬಳಿಕ ಹೊಲದಲ್ಲಿ ನೇಗಿಲು ಕಟ್ಟಿ ಹತ್ತು ಸುತ್ತಿನ ದೂರವನ್ನು ಅಳೆಯಿರಿ. ಮೊದಲನೆಯದು 30 ಮೀಟರು, ಎರಡನೆಯದು 21 ಮೀಟರು ಆದರೆ ಜಾರುವಿಕೆ ಶೇಕಡಾ 30. ಒಣ ಉಳುಮೆಯಲ್ಲಿ ಅದು ಶೇಕಡಾ 15ನ್ನು ಮೀರಿದರೆ ಇಂಧನವೂ ಟಯರೂ ವ್ಯರ್ಥವಾಗುತ್ತಿವೆಯೆಂದೇ ತಿಳಿಯಬೇಕು. ಆಗ ತಯಾರಕರು ಹೇಳಿದ ಮಿತಿಯೊಳಗೆ ಹಿಂದಿನ ಗಾಲಿಗೆ ತೂಕ ಸೇರಿಸಿ, ಟಯರಿನ ಗಾಳಿಯನ್ನು ಸರಿಪಡಿಸಿ ಮತ್ತೆ ಅಳೆಯಿರಿ. ಕೆಸರುಗದ್ದೆಯಲ್ಲಾದರೋ ತೂಕ ಹೆಚ್ಚಿದರೆ ಗಾಲಿ ಇನ್ನಷ್ಟು ಹೂಳುತ್ತದೆ. ಅಲ್ಲಿಗೆ ಕಬ್ಬಿಣದ ಕೇಜ್ ವೀಲೇ ಲೇಸು. ರಸ್ತೆಗೆ ಬರುವಾಗ ಅದನ್ನು ಬಿಚ್ಚುವುದು ಮಾತ್ರ ಅವಶ್ಯ. ಹೂತ ಗಾಲಿಗೆ ಮರದ ತುಂಡು ಕಟ್ಟಿ ಮೇಲೆತ್ತುವ ಸಾಹಸವಂತೂ ಸಲ್ಲದು. ಗಾಲಿ ತಿರುಗಲಾರದೆ ಹೋದಾಗ ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು, ಯಂತ್ರ ಹಿಮ್ಮುಖವಾಗಿ ಚಾಲಕನ ಮೇಲೆ ಮಗುಚಬಹುದು.

ಇಷ್ಟು ಮಾಡಿಯೂ ಎಳೆತ ಸಾಲದಿದ್ದರೆ, ಮುಂದೆ ಟ್ರ್ಯಾಕ್ಟರು ಕೊಳ್ಳುವಾಗ ನಾಲ್ಕು ಗಾಲಿಯ ಎಳೆತದೊಡನೆಯೇ ತಯಾರಾದುದನ್ನು ಆರಿಸುವುದು ವಿವೇಕ. ರೈತರ ಮನೆಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ಘರ್ಷಣೆಯ ಪಾಠವನ್ನು ಅವರು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಈ ರಜೆಯಲ್ಲಿ ಒಮ್ಮೆ ಸೀಮೆಸುಣ್ಣವನ್ನು ಹಿಡಿದು ಹೊಲಕ್ಕೆ ಇಳಿಯಲಿ. ಆ ಪಾಠದಿಂದ ಮನೆಯ ಸಾಲವೊಂದು ತಪ್ಪಿದರೂ ತಪ್ಪೀತು.