ಡೇಗೆ ಬಂದಿದೆ, ತಲೆ ಎತ್ತಿ ನೋಡಿ

ಪುಟಾಣಿಗಳೇ, ಈ ವಾರ ಮೊದಲು ಒಂದು ಒಗಟು. ಗಾತ್ರ ಕಾಗೆಯಷ್ಟೇ, ಆದರೆ ವೇಗದಲ್ಲಿ ಇದನ್ನು ಮೀರಿಸುವ ಪ್ರಾಣಿ ಇಲ್ಲ. ಮುಖದ ಮೇಲೆ ಕಪ್ಪು ಮೀಸೆ, ಅದೂ ಗಂಡಿಗೂ ಹೆಣ್ಣಿಗೂ! ದೀಪಾವಳಿಯ ಆಸುಪಾಸಿನಲ್ಲಿ ನಮ್ಮೂರಿಗೆ ಬರುತ್ತದೆ, ಯುಗಾದಿಯ ಹೊತ್ತಿಗೆ ಹೊರಟುಬಿಡುತ್ತದೆ. ಯಾರು ಹೇಳಿ? ತಾತ, ಅಜ್ಜಿ ಉತ್ತರ ಹೇಳಿಕೊಡುವಂತಿಲ್ಲ.

ಇದರ ಹೆಸರು ಪೆರೆಗ್ರಿನ್ ಫಾಲ್ಕನ್. ಡೇಗೆ ಜಾತಿಯ ಹಕ್ಕಿ. ಈ ಜಾತಿ ನಮ್ಮ ನಾಡಿಗೆ ಹೊಸದೇನಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಡೇಗೆಗಳನ್ನು ಪಳಗಿಸಿ ಬೇಟೆಯಾಡಿಸುವ ವಿನೋದದ ಮಾತೂ ಇದೆ. ‘ಪೆರೆಗ್ರಿನ್’ ಅಂದರೆ ಅಲೆಮಾರಿ. ಹೆಸರಿಗೆ ತಕ್ಕ ಹಾಗೆ, ಉತ್ತರದ ಸೈಬೀರಿಯಾದ ಹಿಮದ ಬಯಲಿನಲ್ಲಿ ಮರಿ ಮಾಡುವ ಡೇಗೆಗಳು ಅಲ್ಲಿ ಚಳಿ ಏರುತ್ತಲೇ ಸಾವಿರಾರು ಕಿಲೋಮೀಟರ್ ಹಾರಿ ಭಾರತಕ್ಕೆ ಬರುತ್ತವೆ. ಇದೇ ಜಾತಿಯ ‘ಶಾಹೀನ್’ ಮಾತ್ರ ನಮ್ಮ ದೇಶದ್ದೇ. ಅದು ಬಂಡೆಬೆಟ್ಟಗಳಲ್ಲಿ ವರ್ಷವಿಡೀ ಇರುತ್ತದೆ, ಹೊಟ್ಟೆ ಕೆಂಪಗಿರುತ್ತದೆ.

ಈಗ ವೇಗದ ಲೆಕ್ಕ. ವಂದೇ ಭಾರತ್ ರೈಲು ಜೋರಾಗಿ ಓಡಿದರೆ ಗಂಟೆಗೆ 160 ಕಿ.ಮೀ. ಡೇಗೆ ಆಕಾಶದಿಂದ ರೆಕ್ಕೆ ಮಡಚಿ ಬೇಟೆಯ ಮೇಲೆ ಎರಗುವಾಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಅಷ್ಟು ವೇಗದಲ್ಲಿ ಗಾಳಿ ಕಣ್ಣಿಗೆ ಹೊಡೆಯುವುದಿಲ್ಲವೇ? ಅದಕ್ಕೇ ಹಕ್ಕಿಗಳಿಗೆ ಮೂರನೆಯ ರೆಪ್ಪೆಯೊಂದಿದೆ. ಕನ್ನಡಕದ ಗಾಜಿನಂತೆ ಕಣ್ಣಿನ ಮೇಲೆ ಸರಿದು ಅದನ್ನು ಕಾಪಾಡುತ್ತದೆ.

ಇಂಥ ಕಾಡುಹಕ್ಕಿಗೆ ನಮ್ಮ ಗಿಜಿಗುಡುವ ಊರಿನಲ್ಲಿ ಏನು ಕೆಲಸ? ಅದರ ಕಣ್ಣಿನಿಂದ ನೋಡಿ. ಡೇಗೆಗೆ ಬೇಕಾದದ್ದು ಎರಡೇ: ಕೂರಲು ಕಡಿದಾದ ಎತ್ತರದ ಜಾಗ, ತಿನ್ನಲು ಹಾರುವ ಹಕ್ಕಿ. ಹಿಂದೆಲ್ಲ ರಾಜಾಜಿನಗರ, ಬಸವೇಶ್ವರನಗರದಲ್ಲಿ ಎತ್ತರವೆಂದರೆ ತೆಂಗಿನಮರ, ನೀರಿನ ಟ್ಯಾಂಕು. ಈಗ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ 30 ಅಂತಸ್ತು ಮೀರಿದ ಕಟ್ಟಡವೇ ಇದೆ. ಮನುಷ್ಯರಿಗೆ ಅದು ಆಫೀಸು, ಡೇಗೆಯ ಪಾಲಿಗೆ ಇಂಥದ್ದೆಲ್ಲ ಒಂದೊಂದು ಬಂಡೆ. ಇನ್ನು ಪಾರಿವಾಳಕ್ಕಂತೂ ಬರವಿಲ್ಲ. ಒಂದು ಡೇಗೆ ಚಳಿಗಾಲ ಕಳೆಯಲು ಒಂದು ಜಾಗ ಒಪ್ಪಿಕೊಂಡರೆ ಮರುವರ್ಷವೂ ಅಲ್ಲಿಗೇ ಬರುವುದುಂಟು. ಅದಕ್ಕೇ ವಿಜಯನಗರದ ನಮ್ಮ ಮನೆಯ ತಾರಸಿಗೆ ಕಾಫಿ ಲೋಟ ಹಿಡಿದು ಹೋದಾಗ ನಾನು ಮೊದಲು ನೋಡುವುದು ಮೊಬೈಲ್ ಟವರಿನ ತುದಿಯನ್ನು.

ಹಾಗೆಂದು ಮೇಲೆ ಹಾರುವುದೆಲ್ಲ ಡೇಗೆಯಲ್ಲ. ಕಂದು ಬಣ್ಣ, ಬಾಲದ ತುದಿ ಕವಲಾಗಿದ್ದರೆ ಅದು ಹದ್ದು. ತಲೆ, ಎದೆ ಬೆಳ್ಳಗೆ, ಮೈ ಇಟ್ಟಿಗೆ ಕೆಂಪಾಗಿದ್ದರೆ ಗರುಡ. ರೆಕ್ಕೆ ಮೋಟಾಗಿ ದುಂಡಗಿದ್ದು, ಮರದ ಎಲೆಗಳ ಮರೆಯಲ್ಲಿ ಅಳಿಲಿಗೆ ಹೊಂಚುಹಾಕಿದ್ದರೆ ಬಿಜ್ಜು. ಡೇಗೆಯ ಬೆನ್ನು ಸ್ಲೇಟಿನ ಬಣ್ಣ, ಎದೆ ಬಿಳುಪು, ಹೊಟ್ಟೆಯ ಮೇಲೆ ಕಪ್ಪು ಗೆರೆಗಳು, ಕಾಲು ಹಳದಿ, ರೆಕ್ಕೆ ಉದ್ದವಾಗಿ ತುದಿಯಲ್ಲಿ ಚೂಪು. ಮೀಸೆ ಕಂಡರಂತೂ ಅನುಮಾನವೇ ಬೇಡ. ಇಷ್ಟೂ ಕಾಣದಿದ್ದರೆ ಪಾರಿವಾಳಗಳನ್ನು ನೋಡಿ. ಹದ್ದು ಹಾರಿದರೆ ಅವು ಅಷ್ಟಾಗಿ ಲೆಕ್ಕಿಸುವುದಿಲ್ಲ. ಡೇಗೆ ಬಂದರೆ ಇಡೀ ಹಿಂಡು ಒಮ್ಮೆಲೇ ಮೇಲೆದ್ದು ಗಿರಗಿರನೆ ಸುತ್ತುತ್ತದೆ.

“ತಾತ, ಪಾಪ ಪಾರಿವಾಳ ಅಲ್ವಾ?” ಎಂದು ನನ್ನ ಮೊಮ್ಮಗಳು ಕೇಳಿದಳು. ನಾನು ಅವಳಿಗೆ ಶಿಬಿ ಚಕ್ರವರ್ತಿಯ ಕತೆ ನೆನಪಿಸಿದೆ. ಪಾರಿವಾಳ ರಾಜನ ಮರೆಹೊಕ್ಕಿತು ಎಂಬುದು ಎಲ್ಲರಿಗೂ ನೆನಪಿರುತ್ತದೆ. ಬೆನ್ನಟ್ಟಿ ಬಂದ ಗಿಡುಗ, ‘ಇದು ನನ್ನ ಆಹಾರ, ಕಿತ್ತುಕೊಂಡರೆ ನಾನೂ ಸಾಯುತ್ತೇನಲ್ಲ’ ಎಂದು ನ್ಯಾಯ ಕೇಳಿತು ಎಂಬುದು ಮರೆತುಹೋಗುತ್ತದೆ. ಶಿಬಿಗೂ ಆ ಮಾತನ್ನು ತಳ್ಳಿಹಾಕಲು ಆಗಲಿಲ್ಲ.

ಇದೇ ನ್ಯಾಯ ಒಮ್ಮೆ ಇಂಗ್ಲೆಂಡಿನಲ್ಲಿ ನಿಜವಾಗಿಯೂ ನಡೆಯಿತು. 1960ರ ಸುಮಾರಿಗೆ ಅಲ್ಲಿ ಪಂದ್ಯದ ಪಾರಿವಾಳ ಸಾಕುವವರು, ‘ಡೇಗೆಗಳು ವಿಪರೀತ ಹೆಚ್ಚಿವೆ, ನಮ್ಮ ಹಕ್ಕಿಗಳನ್ನೆಲ್ಲ ತಿನ್ನುತ್ತಿವೆ’ ಎಂದು ಸರ್ಕಾರಕ್ಕೆ ದೂರು ಕೊಟ್ಟರು. ಸರಿ, ಎಣಿಸಿಯೇ ನೋಡೋಣ ಎಂದಾಯಿತು. ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ 1961–62ರಲ್ಲಿ ಬಂಡೆ ಬಂಡೆಗೂ ಹೋಗಿ ಎಣಿಸಿದರು. ಆದದ್ದೇ ಬೇರೆ. ಎಷ್ಟೋ ಗೂಡುಗಳು ಬರಿದಾಗಿದ್ದವು. ಡೇಗೆ ಹೆಚ್ಚಿರಲಿಲ್ಲ, ಅಳಿಯುತ್ತಿತ್ತು!

ಯಾಕೆ? ಉತ್ತರ ಸಿಕ್ಕಿದ್ದು ಹಳೆಯ ಪೆಟ್ಟಿಗೆಗಳಲ್ಲಿ. ಹಿಂದಿನ ಕಾಲದವರು ಹಕ್ಕಿಗಳ ಮೊಟ್ಟೆಚಿಪ್ಪುಗಳನ್ನು ಕೂಡಿಟ್ಟಿದ್ದರು. ರ‍್ಯಾಟ್‌ಕ್ಲಿಫ್ ಹಳೆಯ ಚಿಪ್ಪನ್ನೂ ಹೊಸ ಚಿಪ್ಪನ್ನೂ ತೂಗಿ ನೋಡಿದರು. 1947ರ ಸುಮಾರಿನಿಂದ ಚಿಪ್ಪು ತೆಳುವಾಗತೊಡಗಿತ್ತು. ತಾಯಿ ಕಾವು ಕೂತರೆ ಮೊಟ್ಟೆ ಒಡೆಯುತ್ತಿತ್ತು. ಆಗತಾನೇ ಎಲ್ಲೆಡೆ ಬಳಕೆಗೆ ಬಂದಿದ್ದ ಡಿಡಿಟಿ ಇದಕ್ಕೆ ಕಾರಣ. ಆ ವಿಷ ಹುಳುವಿಗೆ, ಹುಳು ತಿಂದ ಹಕ್ಕಿಗೆ, ಆ ಹಕ್ಕಿಯನ್ನು ತಿಂದ ಡೇಗೆಗೆ ಸೇರಿ, ಮೇಲೇರಿದಷ್ಟೂ ಕೂಡುತ್ತಾ ಹೋಗಿತ್ತು. 1967ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಮೆರಿಕ 1972ರಲ್ಲಿ ಡಿಡಿಟಿಯನ್ನು ನಿಷೇಧಿಸಿತು. ಭಾರತ 1989ರಲ್ಲಿ ಹೊಲಗಳಲ್ಲಿ ಅದರ ಬಳಕೆ ನಿಲ್ಲಿಸಿತು. ಡೇಗೆಗಳು ಮೆಲ್ಲಗೆ ಚೇತರಿಸಿಕೊಂಡವು. 1999ರಲ್ಲಿ ಅಮೆರಿಕದ ಅಪಾಯದ ಪಟ್ಟಿಯಿಂದ ಅವುಗಳ ಹೆಸರು ತೆಗೆದರು. ಇವತ್ತು ಲಂಡನ್, ನ್ಯೂಯಾರ್ಕ್ ಕಟ್ಟಡಗಳ ಮೇಲೇ ಅವು ಮರಿ ಮಾಡುತ್ತಿವೆ.

ಯಾರೋ ಎಣಿಸಿದರು, ಯಾರೋ ತಾರೀಖು ಬರೆದಿಟ್ಟರು, ಅದರಿಂದ ಒಂದು ಹಕ್ಕಿ ಉಳಿಯಿತು. ಎಣಿಸದೆ ದೂರನ್ನೇ ನಂಬಿದ್ದರೆ ಏನಾಗುತ್ತಿತ್ತು ಯೋಚಿಸಿ.

ನಮ್ಮ ಪಾಲಿನ ಕೆಲಸವೂ ಸ್ವಲ್ಪ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಡೇಗೆಗೆ ರಕ್ಷಣೆ ಕೊಟ್ಟಿದೆ. ಆದರೆ ಕಟ್ಟಡದಲ್ಲಿ ಪಾರಿವಾಳದ ಕಾಟ ಎಂದು ಯಾರಾದರೂ ವಿಷದ ಕಾಳು ಇಟ್ಟರೆ, ಆ ವಿಷ ಪಾರಿವಾಳಕ್ಕೇ ನಿಲ್ಲುವುದಿಲ್ಲ. ಮೊಟ್ಟೆಚಿಪ್ಪಿನ ಪಾಠ ಇದೇ ಅಲ್ಲವೇ? ಇನ್ನೊಂದು ಗಾಳಿಪಟದ ಮಾಂಜಾ. ನೈಲಾನ್ ಮಾಂಜಾ, ಗಾಜಿನ ಪುಡಿ ಲೇಪಿಸಿದ ದಾರ ಎರಡನ್ನೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಪಟ ಹಾರಿಸಿ, ಹತ್ತಿಯ ದಾರದಲ್ಲಿ ಹಾರಿಸಿ. ಆಷಾಢದಲ್ಲಿ ಮರಕ್ಕೆ ಸಿಕ್ಕ ಮಾಂಜಾ ಮಾರ್ಗಶಿರದಲ್ಲೂ ಅಲ್ಲೇ ನೇತಾಡುತ್ತಿರುತ್ತದೆ. ಗಾಯಗೊಂಡ ಹಕ್ಕಿ ಕಂಡರೆ ನೀವೇ ಹಿಡಿಯಬೇಡಿ, ಅದರ ಉಗುರು ಬಲು ಚೂಪು. ದೊಡ್ಡವರನ್ನು ಕರೆಯಿರಿ. ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ.

ಇನ್ನು ಈ ವಾರದ ಮನೆಗೆಲಸ. ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅಥವಾ ಸಂಜೆ ದೀಪ ಹಚ್ಚುವ ಮೊದಲು, ತಾತನೋ ಅಜ್ಜಿಯೋ ಜೊತೆಗಿದ್ದಾಗ ಮಾತ್ರ ತಾರಸಿಗೆ ಹೋಗಿ. ಅವರಿಗೆ ಬಿಡುವಿದೆ, ನಿಮಗೆ ಕಣ್ಣು ಚುರುಕಿದೆ, ಜೋಡಿ ಸರಿಯಾಯಿತು. 15 ನಿಮಿಷ ಟವರು, ಟ್ಯಾಂಕು, ಎತ್ತರದ ಕಟ್ಟಡಗಳ ಅಂಚು ನೋಡಿ. ತಾರೀಖು, ಗಂಟೆ, ಜಾಗ, ಕಂಡದ್ದು, ಇಷ್ಟು ಬರೆಯಿರಿ. ಏನೂ ಕಾಣದಿದ್ದರೆ ‘ಕಾಣಲಿಲ್ಲ’ ಎಂದೂ ಬರೆಯಿರಿ, ಅದೂ ಲೆಕ್ಕವೇ. ಪ್ರತಿವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ಪ್ರಪಂಚದ ತುಂಬ ಜನ ಹೀಗೆಯೇ ತಮ್ಮ ಹಿತ್ತಿಲ ಹಕ್ಕಿಗಳನ್ನು ಎಣಿಸುತ್ತಾರೆ, ನೀವೂ ಸೇರಬಹುದು.

ಕೊನೆಗೆ, ಡೇಗೆ ಕಾಣದೇ ಹೋದ ಮೊದಲ ದಿನದ ತಾರೀಖನ್ನೂ ಬರೆಯಲು ಮರೆಯಬೇಡಿ. ಮುಂದಿನ ದೀಪಾವಳಿಗೆ ಆ ಪುಟ ತೆರೆದು, ಮತ್ತೆ ಟವರಿನ ಕಡೆ ನೋಡಿ.